ಲೋಟದ ಮೇಲಿನ ಚಿಟಿಕೆ ಜಾಯಿಕಾಯಿ

ಹೋದ ಬೇಸಿಗೆಯಲ್ಲಿ ನಮ್ಮ ಜೊತೆ ಓದಿದ ಗೆಳೆಯನ ತಂಗಿಯ ಮದುವೆಗೆ ನಾವು ಐದು ಜನ ಹೋಗಿದ್ದೆವು. ಘಟ್ಟದ ಕೆಳಗಿನ ಊರು. ಅಡಿಕೆ ತೋಟದ ನಡುವೆ ಮನೆ, ಅಂಗಳದ ತುಂಬ ಚಪ್ಪರ. ಚಪ್ಪರದ ಬಾಗಿಲಲ್ಲೇ ‘ವೆಲ್‌ಕಮ್ ಡ್ರಿಂಕ್’ ಎಂದು ಬರೆದ ಮೇಜು. ಬ್ಲೂ ಲಗೂನ್, ವರ್ಜಿನ್ ಮೊಹಿತೊ, ಫ್ರೂಟ್ ಪಂಚ್ ಎಂದು ಮೂರು ಬಗೆ. ಎಲ್ಲ ಲೋಟಗಳ ಮೇಲೂ ಒಂದು ಕಾಗದದ ಛತ್ರಿ, ಕಡ್ಡಿಗೆ ಚುಚ್ಚಿದ ಒಂದು ಕೆಂಪು ಚೆರಿ.

ಗೆಳೆಯನ ಅಜ್ಜಿ ನೀಲಿ ಲೋಟವನ್ನು ಬೆಳಕಿಗೆ ಹಿಡಿದು ನೋಡಿ, “ಇದೆಂತದಾ ಮಕ್ಕಳೇ, ಬಿಳಿ ಬಟ್ಟೆಗೆ ಹಾಕುವ ನೀಲಿಯಾ?” ಎಂದು ಕೇಳಿದರು. ನಾವೆಲ್ಲ ನಕ್ಕೆವು. ಅವರು ಛತ್ರಿಯನ್ನು ತೆಗೆದು ಮೊಮ್ಮಗಳ ಕೈಗೆ ಕೊಟ್ಟು, ಲೋಟವನ್ನು ನಮ್ಮ ಕೈಗೆ ದಾಟಿಸಿ ಒಳಗೆ ಹೋದರು.

ಊಟ ಮುಗಿಸಿ ತೋಟ ಸುತ್ತುವಾಗ ಅಡಿಕೆ ಮರಗಳ ನಡುವೆ ಜಾಯಿಕಾಯಿ ಗಿಡಗಳು ಕಂಡವು. ಬುಡದಲ್ಲಿ ಒಡೆದು ಬಿದ್ದ ಹಳದಿ ಕಾಯಿ, ಒಳಗೆ ಕಪ್ಪು ಬೀಜ, ಬೀಜದ ಮೈಗೆ ಬಲೆಯಂತೆ ಅಂಟಿದ ಕಡುಗೆಂಪು ಜಾಪತ್ರೆ. ಒಂದು ಕಾಲದಲ್ಲಿ ‘ಪಂಚ್’ ಎಂಬ ಪಾನೀಯದ ಮೇಲೆ ಉದುರಿಸುತ್ತಿದ್ದದ್ದು ಇದೇ ಬೀಜದ ಪುಡಿಯನ್ನು. ಅದಕ್ಕಾಗಿ ಕೋಟೆಗಳು ಎದ್ದವು, ಒಂದು ದ್ವೀಪಸಮೂಹದ ಜನರೇ ಹೆಚ್ಚುಕಡಿಮೆ ಇಲ್ಲವಾದರು. ಮದುವೆ ಮನೆಯ ಫ್ರೂಟ್ ಪಂಚ್ ಮೇಲೆ ಮಾತ್ರ ಅದು ಇರಲಿಲ್ಲ. ಇಪ್ಪತ್ತು ಹೆಜ್ಜೆ ಆಚೆ ಮಣ್ಣಲ್ಲಿ ಬಿದ್ದಿತ್ತು.

ಊರಿಗೆ ಮರಳಿದ ಮೇಲೆ ಈ ವಿಷಯ ನಮ್ಮನ್ನು ಬಿಡಲಿಲ್ಲ. ಲೋಟದ ಮೇಲೆ ಇಡುವ ವಸ್ತುಗಳು ಎಲ್ಲಿಂದ ಬಂದವು ಎಂದು ಹುಡುಕುತ್ತಾ ಹೋದೆವು. ಓದಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಪಂಚ್ ಎಂದರೆ ಐದು?

ಪಂಚ್ ಎಂಬ ಪಾನೀಯ ಹುಟ್ಟಿದ್ದು ಭಾರತದ ಕರಾವಳಿಯಲ್ಲಿ ಬೀಡುಬಿಟ್ಟಿದ್ದ ಇಂಗ್ಲಿಷ್ ವ್ಯಾಪಾರಿಗಳು ಮತ್ತು ನಾವಿಕರ ನಡುವೆ. ಇಂಗ್ಲಿಷಿನಲ್ಲಿ ಈ ಹೆಸರು ಮೊದಲು ಸಿಗುವುದು 1632ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ನೌಕರನೊಬ್ಬ ಆಂಧ್ರ ಕರಾವಳಿಯ ಕೋಠಿಯಲ್ಲಿದ್ದ ತನ್ನ ಗೆಳೆಯನಿಗೆ ಬರೆದ ಪತ್ರದಲ್ಲಿ. ಊರಿನಿಂದ ತಂದ ಬಿಯರ್ ಮತ್ತು ವೈನ್ ನಮ್ಮ ಸೆಕೆಗೆ ತಡೆಯುತ್ತಿರಲಿಲ್ಲ. ಇಲ್ಲಿ ಸಿಗುತ್ತಿದ್ದದ್ದು ಕಳ್ಳು ಬಟ್ಟಿ ಇಳಿಸಿದ ಅರಾಕ್. ಗೋವೆಯ ತೆಂಗಿನ ಅರಾಕ್‌ಗೆ ಆ ಕಾಲದಲ್ಲಿ ದೊಡ್ಡ ಹೆಸರು. ಅದಕ್ಕೆ ನಿಂಬೆರಸ, ಸಕ್ಕರೆ, ನೀರು, ಮಸಾಲೆ ಬೆರೆಸಿದರೆ ಒಟ್ಟು ಐದು.

1670ರ ದಶಕದಲ್ಲಿ ಪಶ್ಚಿಮ ಕರಾವಳಿಯಲ್ಲಿ ಓಡಾಡಿದ ಇಂಗ್ಲಿಷ್ ವೈದ್ಯ ಜಾನ್ ಫ್ರೈಯರ್, ಈ ಐದರಿಂದಲೇ ‘ಪಂಚ್’ ಎಂಬ ಹೆಸರು ಬಂತು ಎಂದು ಬರೆದಿದ್ದಾನೆ. ಪೀಪಾಯಿಗೆ ಇಂಗ್ಲಿಷಿನಲ್ಲಿದ್ದ ‘ಪಂಚನ್’ ಎಂಬ ಪದದಿಂದ ಬಂದಿರಬೇಕು ಎನ್ನುವವರೂ ಇದ್ದಾರೆ. ಆ ಜಗಳ ಭಾಷಾತಜ್ಞರಿಗೆ ಬಿಡೋಣ. ನಮ್ಮ ಕುತೂಹಲ ಐದನೆಯದರ ಬಗ್ಗೆ, ಅಂದರೆ ಮಸಾಲೆಯ ಬಗ್ಗೆ.

ನಮ್ಮ ಪಾನಕದಲ್ಲೂ ಮಸಾಲೆ ಇದೆ. ರಾಮನವಮಿಯ ಪಾನಕಕ್ಕೆ ಬೆಲ್ಲದ ಜೊತೆ ಏಲಕ್ಕಿ, ಶುಂಠಿ, ಕಾಳುಮೆಣಸು ಬೀಳುತ್ತವೆ. ಆದರೆ ಅವನ್ನು ಕುಟ್ಟಿ ಒಳಗೆ ಸೇರಿಸಿಬಿಡುತ್ತೇವೆ. ನೋಡುವುದಕ್ಕೆಂದು ಮೇಲೆ ಇಡುವುದು ಹೆಚ್ಚೆಂದರೆ ಎರಡು ತುಳಸಿ ಎಲೆ. ಪಂಚ್ ಇಂಗ್ಲೆಂಡಿಗೆ ಹೋದ ಮೇಲೆ ಅದರ ಮಸಾಲೆ ಮೇಲಕ್ಕೆ ಬಂತು. ದೊಡ್ಡ ಬೋಗುಣಿಯಲ್ಲಿ ಪಂಚ್ ಕಲಸಿ, ಎಲ್ಲರೂ ನೋಡುತ್ತಿರುವಾಗ ಅದರ ಮೇಲೆ ಜಾಯಿಕಾಯಿಯನ್ನು ತುರಿದು ಉದುರಿಸುವುದು ರೂಢಿಯಾಯಿತು. ಉಳ್ಳವರು ಜೇಬಿನಲ್ಲಿಟ್ಟುಕೊಳ್ಳುವಷ್ಟು ಚಿಕ್ಕ ಬೆಳ್ಳಿಯ ತುರಿಮಣೆ ಮಾಡಿಸಿಕೊಂಡರು. ಅದರೊಳಗೇ ಒಂದು ಜಾಯಿಕಾಯಿ ಕೂರುವಷ್ಟು ಜಾಗ. ಹದಿನೇಳು, ಹದಿನೆಂಟನೇ ಶತಮಾನದ ಇಂಥ ತುರಿಮಣೆಗಳನ್ನು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿ ಕಾಣಬಹುದು. ತಮ್ಮ ಬಳಿ ಜಾಯಿಕಾಯಿ ಇದೆ ಎಂದು ನಾಲ್ಕು ಜನರಿಗೆ ತೋರಿಸುವುದಕ್ಕೂ ಅವು ಬೇಕಿದ್ದವು.

ಬಾಂದಾದ ಕತೆ

ಆ ಜಾಯಿಕಾಯಿ ಬರುತ್ತಿದ್ದದ್ದು ಒಂದೇ ಜಾಗದಿಂದ. ಇಂದಿನ ಇಂಡೋನೇಷ್ಯಾದ ಪೂರ್ವಭಾಗದಲ್ಲಿರುವ ಬಾಂದಾ ಎಂಬ ಪುಟ್ಟ ದ್ವೀಪಗಳ ಗುಂಪು ಅದು. ನೂರಾರು ವರ್ಷ ಜಾವಾ, ಮಲಯ, ಗುಜರಾತ್ ಮತ್ತು ಅರಬ್ ವ್ಯಾಪಾರಿಗಳ ಕೈ ದಾಟಿ ದಾಟಿ ಜಾಯಿಕಾಯಿ ವೆನಿಸ್ ಸೇರುತ್ತಿತ್ತು. ನಮ್ಮ ಆಯುರ್ವೇದ ಗ್ರಂಥಗಳಿಗೂ ಜಾತೀಫಲ ಪರಿಚಿತ. ಆದರೆ ಮರ ಎಲ್ಲಿದೆ ಎಂಬುದು ಯುರೋಪಿನವರಿಗೆ ಬಹಳ ಕಾಲ ತಿಳಿದಿರಲಿಲ್ಲ. 1511ರಲ್ಲಿ ಮಲಾಕ್ಕಾ ಹಿಡಿದ ಪೋರ್ಚುಗೀಸರು ಮರುವರ್ಷವೇ ಬಾಂದಾ ತಲುಪಿದರು. ಅವರ ಹಿಂದೆ ಡಚ್ಚರು, ಇಂಗ್ಲಿಷರು ಬಂದರು.

1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿಗೆ ಜಾಯಿಕಾಯಿ ಪೂರ್ತಿ ತನ್ನದೇ ಆಗಬೇಕಿತ್ತು. ತಮಗೆ ಮಾತ್ರ ಮಾರಬೇಕು, ಅದೂ ತಾವು ಹೇಳಿದ ಬೆಲೆಗೆ ಎಂದು ಊರ ಮುಖಂಡರಿಂದ ಕರಾರು ಬರೆಸಿಕೊಂಡರು. ಬಾಂದಾದವರಿಗೆ ಅನ್ನ ಬೇಕಿತ್ತು, ಬಟ್ಟೆ ಬೇಕಿತ್ತು. ಅವನ್ನು ತರುತ್ತಿದ್ದವರು ಹಳೆಯ ವ್ಯಾಪಾರಿಗಳು. ಹಾಗಾಗಿ ಅವರಿಗೂ ಮಾರುತ್ತಲೇ ಇದ್ದರು. 1609ರಲ್ಲಿ ಡಚ್ಚರು ಅಲ್ಲಿ ಕೋಟೆ ಕಟ್ಟಲು ಹೊರಟಾಗ ಬಾಂದಾದವರು ಡಚ್ ಅಡ್ಮಿರಲನನ್ನೂ ಅವನ ಜೊತೆಗಾರರನ್ನೂ ಕೊಂದರು. ಕೋಟೆ ಮಾತ್ರ ಎದ್ದಿತು. ಎರಡು ವರ್ಷದಲ್ಲಿ ಅದರ ಮೇಲ್ಗಡೆ ಇನ್ನೊಂದು ಎದ್ದಿತು.

1621ರಲ್ಲಿ ಕಂಪನಿಯ ಗವರ್ನರ್ ಜನರಲ್ ಯಾನ್ ಪೀಟರ್‌ಸೋನ್ ಕೂನ್ ಹಡಗುಪಡೆ ಕಟ್ಟಿಕೊಂಡು ಬಂದ. ಆಗ ಬಾಂದಾದಲ್ಲಿ ಸುಮಾರು 15,000 ಜನರಿದ್ದರು ಎಂಬುದು ಇತಿಹಾಸಕಾರರ ಅಂದಾಜು. ಕೆಲವರನ್ನು ಕೊಂದರು, ಕೆಲವರು ಹಸಿವಿನಿಂದ ಸತ್ತರು, ಕೆಲವರು ದೋಣಿ ಹತ್ತಿ ಓಡಿಹೋದರು, ಕೆಲವರನ್ನು ಗುಲಾಮರನ್ನಾಗಿ ಬಟಾವಿಯಾಕ್ಕೆ ಸಾಗಿಸಿದರು. ಕೊನೆಗೆ ದ್ವೀಪಗಳಲ್ಲಿ ಉಳಿದವರು ಸಾವಿರದಷ್ಟು. ಕೋಟೆಯ ಹೊರಗೆ 44 ಮುಖಂಡರ ತಲೆ ಕಡಿಸಲಾಯಿತು. ಕತ್ತಿ ಬೀಸಿದವರು ಕಂಪನಿ ಸಂಬಳಕ್ಕಿಟ್ಟುಕೊಂಡಿದ್ದ ಜಪಾನಿ ಸೈನಿಕರು.

ಆಮೇಲೆ ಜಾಯಿಕಾಯಿ ತೋಪುಗಳನ್ನು ತುಂಡು ಹಾಕಿ ಡಚ್ ತೋಟಗಾರರಿಗೆ ಹಂಚಿದರು. ದುಡಿಯಲು ಬೇರೆ ಕಡೆಗಳಿಂದ ಗುಲಾಮರನ್ನು ತಂದರು. ಬೀಜ ಬೇರೆಲ್ಲೂ ಮೊಳೆಯಬಾರದೆಂದು ಸುಣ್ಣದಲ್ಲಿ ಅದ್ದಿ ಹಡಗಿಗೆ ಏರಿಸುತ್ತಿದ್ದರು.

ಬಾಂದಾದ ಗುಂಪಿನಲ್ಲೇ ರನ್ ಎಂಬ ತುಣುಕು ದ್ವೀಪವಿದೆ. ಅದು ತನ್ನದೆಂದು ಇಂಗ್ಲೆಂಡ್ ಹಟ ಹಿಡಿದಿತ್ತು. 1667ರ ಬ್ರೆಡಾ ಒಪ್ಪಂದದಲ್ಲಿ ಹಟ ಬಿಟ್ಟಿತು. ರನ್ ಡಚ್ಚರಿಗೆ ಉಳಿಯಿತು. ಡಚ್ಚರಿಂದ ಮೂರು ವರ್ಷ ಹಿಂದೆ ಕಸಿದುಕೊಂಡಿದ್ದ ಅಮೆರಿಕದ ಮ್ಯಾನ್‌ಹಟನ್ ಇಂಗ್ಲೆಂಡಿಗೆ ಉಳಿಯಿತು. ಜಾಯಿಕಾಯಿ ಬೆಳೆಯುವ ಒಂದು ಬಂಡೆಯಂಥ ದ್ವೀಪ ಆಗಿನ ಲೆಕ್ಕದಲ್ಲಿ ಮ್ಯಾನ್‌ಹಟನ್‌ಗೆ ಸಮ ತೂಗಿತ್ತು. ಈ ವಿನಿಮಯದ ಸ್ವಾರಸ್ಯ ಕ್ವಿಜ್‌ಗಳಲ್ಲಿ ಆಗಾಗ ಬರುತ್ತದೆ. 1621ರ 44 ತಲೆಗಳ ಪ್ರಶ್ನೆ ಬಂದದ್ದನ್ನು ನಾವು ಕಂಡಿಲ್ಲ.

ಗಾರ್ನಿಶ್ ಎಂಬ ಪದದ ಮೂಲ ಹಳೆಯ ಫ್ರೆಂಚಿನಲ್ಲಿದೆ. ಅಲ್ಲಿ ಅದಕ್ಕೆ ಸಜ್ಜುಗೊಳಿಸು, ಕಾವಲು ಬಲಪಡಿಸು ಎಂಬ ಅರ್ಥಗಳಿದ್ದವು. ಬಾಂದಾದ ಕೋಟೆಗಳ ಚಿತ್ರ ನೋಡಿದ ಮೇಲೆ ಆ ಹಳೆಯ ಅರ್ಥವೇ ಸರಿ ಎನಿಸಿತು.

ಕೂನ್‌ಗೆ ಅವನ ಹುಟ್ಟೂರು ಹೋರ್ನ್‌ನಲ್ಲಿ 1893ರಲ್ಲಿ ಪ್ರತಿಮೆ ನಿಲ್ಲಿಸಿದರು. 2011ರಲ್ಲಿ ಕ್ರೇನ್ ತಾಗಿ ಅದು ಉರುಳಿಬಿತ್ತು. ಮತ್ತೆ ನಿಲ್ಲಿಸಬೇಕೇ ಬೇಡವೇ ಎಂದು ಊರಲ್ಲಿ ದೊಡ್ಡ ಚರ್ಚೆ ನಡೆಯಿತು. ಕೊನೆಗೆ ನಿಲ್ಲಿಸಿದರು, ಆದರೆ ಫಲಕದ ಬರಹ ಬದಲಾಯಿಸಿ ಬಾಂದಾದಲ್ಲಿ ನಡೆದದ್ದನ್ನೂ ಬರೆದರು. 2021ರಲ್ಲಿ, ಅಂದರೆ ಆ ಘಟನೆಗೆ ಸರಿಯಾಗಿ 400 ವರ್ಷವಾದಾಗ, ಅಮಿತಾವ್ ಘೋಷ್ ಇದೇ ವಿಷಯ ಹಿಡಿದು ‘ದಿ ನಟ್‌ಮೆಗ್ಸ್ ಕರ್ಸ್’ ಎಂಬ ಪುಸ್ತಕ ಬರೆದರು. ಫಲಕದಲ್ಲಿ ಏನು ಬರೆಯಬೇಕು, ಯಾರನ್ನು ಬಿಡಬಾರದು ಎಂಬುದು ನಾವು ತರಗತಿಯಲ್ಲಿ ಕಲಿತ ಪಾಠವೂ ಹೌದು. ಅದಕ್ಕೇ ಈ ಪ್ರಸಂಗವನ್ನು ಇಲ್ಲಿ ಬರೆಯಬೇಕೆನಿಸಿತು.

ಗಿಡ ಹೊರಬಿದ್ದ ಮೇಲೆ

ಸುಣ್ಣ ಬಳಿದರೂ ಬೀಜವನ್ನು ಎಷ್ಟು ದಿನ ಕಾಯಲಾದೀತು? 1770ರ ಸುಮಾರಿಗೆ ಫ್ರೆಂಚ್ ಅಧಿಕಾರಿ ಪಿಯರ್ ಪೊಯಿವ್ರ್ ಕಳುಹಿಸಿದ ಹಡಗುಗಳು ಗಿಡಗಳನ್ನು ಕದ್ದು ಮಾರಿಷಸ್‌ಗೆ ತಂದವು. 1796ರಲ್ಲಿ ಬಾಂದಾ ಬ್ರಿಟಿಷರ ಕೈಗೆ ಬಂತು. ಅವರು ಸಾವಿರಗಟ್ಟಲೆ ಸಸಿಗಳನ್ನು ಪೆನಾಂಗ್ ಮುಂತಾದ ಕಡೆ ಒಯ್ದರು. ದಕ್ಷಿಣ ಭಾರತದಲ್ಲಿ ಜಾಯಿಕಾಯಿ ಕೃಷಿ ಶುರುವಾದದ್ದೂ ಬ್ರಿಟಿಷರ ಕಾಲದಲ್ಲೇ. ಡಚ್ಚರ ಏಕಸ್ವಾಮ್ಯ ಮುರಿಯಿತು, ಬೆಲೆ ಇಳಿಯಿತು. ಜೇಬಿನ ಬೆಳ್ಳಿ ತುರಿಮಣೆಗೂ ಮೆಲ್ಲಗೆ ಕೆಲಸವಿಲ್ಲವಾಯಿತು.

1843ರಲ್ಲಿ ಜಾಯಿಕಾಯಿ ಕೆರಿಬಿಯನ್ನಿನ ಗ್ರೆನಡಾ ದ್ವೀಪ ಸೇರಿತು. ಅಲ್ಲಿನ ಗುಲಾಮಗಿರಿ ಮುಗಿದು ಆಗಿನ್ನೂ ಹೆಚ್ಚು ವರ್ಷವಾಗಿರಲಿಲ್ಲ. ಕಬ್ಬಿನ ತೋಟಗಳು ಸೊರಗುತ್ತಿದ್ದವು. ಜಾಯಿಕಾಯಿಗೆ ಕಬ್ಬಿನಷ್ಟು ಆಳು ಬೇಡ, ತುಂಡು ಜಮೀನಿನಲ್ಲೂ ಬರುತ್ತದೆ. ಹಾಗಾಗಿ ಸಣ್ಣ ಹಿಡುವಳಿದಾರರ ಕೈಗೆ ಸಿಕ್ಕಿತು. 1974ರಲ್ಲಿ ಸ್ವತಂತ್ರವಾದ ಗ್ರೆನಡಾದ ಧ್ವಜದಲ್ಲಿ ಇಂದು ಒಂದು ಜಾಯಿಕಾಯಿ ಇದೆ. ಅಲ್ಲಿ ರಮ್ ಪಂಚ್ ಮೇಲೆ ಜಾಯಿಕಾಯಿ ತುರಿಯದೆ ಕೊಡುವುದಿಲ್ಲ. ನಮ್ಮ ಕರಾವಳಿಯಲ್ಲಿ ಹುಟ್ಟಿದ ಪಾನೀಯ ತನ್ನ ಐದನೆಯ ವಸ್ತುವನ್ನು ಉಳಿಸಿಕೊಂಡದ್ದು ಅಲ್ಲಿ. 2004ರ ಸೆಪ್ಟೆಂಬರಿನಲ್ಲಿ ಇವಾನ್ ಚಂಡಮಾರುತ ಬಂದು ದ್ವೀಪದ ಬಹುಪಾಲು ಜಾಯಿಕಾಯಿ ಮರಗಳನ್ನು ಕೆಡವಿತು. ಅದುವರೆಗೆ ಇಂಡೋನೇಷ್ಯಾದ ನಂತರ ಜಗತ್ತಿಗೆ ಅತಿಹೆಚ್ಚು ಜಾಯಿಕಾಯಿ ಕಳಿಸುತ್ತಿದ್ದ ದೇಶ ಅದು. ಬೀಜದಿಂದ ಎದ್ದ ಮರ ಕಾಯಿ ಬಿಡಲು ಏಳೆಂಟು ವರ್ಷ ಬೇಕು. ಅಡಿಕೆ ತೋಟ ಕಳೆದುಕೊಂಡವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಂಜುಗಡ್ಡೆ, ಛತ್ರಿ, ಚೆರಿ

ಪಂಚ್ ಬೋಗುಣಿಯ ಕಾಲದಲ್ಲಿ ಮೇಲಿಂದ ಉದುರಿಸುವುದಷ್ಟೇ ಸಾಧ್ಯವಿತ್ತು. ಹಣ್ಣಿನ ಹೋಳು, ಪುದೀನ ಕೊನೆ ಲೋಟದ ಮೇಲೆ ನೆಟ್ಟಗೆ ನಿಲ್ಲಬೇಕಾದರೆ ಒಳಗೆ ಆಸರೆ ಬೇಕು. ಆ ಆಸರೆ ಮಂಜುಗಡ್ಡೆ. ಅಮೆರಿಕದ ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳಿಂದ ಗಡ್ಡೆ ಕೊಯ್ಯಿಸಿ, ಮರದ ಹೊಟ್ಟಿನಲ್ಲಿ ಮುಚ್ಚಿ ದೂರದೂರಕ್ಕೆ ಮಾರಿದ. 1833ರಲ್ಲಿ ಅವನ ಹಡಗು ನಾಲ್ಕು ತಿಂಗಳು ತೇಲಿ ಕಲ್ಕತ್ತಕ್ಕೂ ಬಂತು. ಹೊರಟಾಗ 180 ಟನ್, ತಲುಪಿದಾಗ ಸುಮಾರು 100 ಟನ್. ಚೆನ್ನೈಯ ಕಡಲ ತೀರದಲ್ಲಿ ಇಂದು ವಿವೇಕಾನಂದರ ಹೆಸರಿನಲ್ಲಿರುವ ಕಟ್ಟಡ ಮೂಲದಲ್ಲಿ ಈ ಅಮೆರಿಕದ ಗಡ್ಡೆ ಕೂಡಿಡಲು ಕಟ್ಟಿದ ಐಸ್ ಹೌಸ್.

ಪುಡಿ ಮಾಡಿದ ಗಡ್ಡೆಯ ಗುಡ್ಡೆಯ ಮೇಲೆ ಪುದೀನ, ಕಿತ್ತಳೆ, ಬೆರಿ ಹಣ್ಣು ಚುಚ್ಚಿ ಕೊಡುವುದು ಅಮೆರಿಕದಲ್ಲಿ ಹತ್ತೊಂಬತ್ತನೇ ಶತಮಾನದ ನಡುವಿಗೆ ರೂಢಿಯಾಯಿತು. 1806ರ ಅಮೆರಿಕದ ಪತ್ರಿಕೆಯೊಂದು ಕಾಕ್‌ಟೇಲ್ ಎಂದರೇನೆಂದು ವಿವರಿಸುವಾಗ ಮದ್ಯ, ಸಕ್ಕರೆ, ನೀರು, ಕಹಿ ಎಂದಷ್ಟೇ ಹೇಳಿತ್ತು. 1862ರಲ್ಲಿ ಜೆರ್ರಿ ಥಾಮಸ್ ಪ್ರಕಟಿಸಿದ ಪಾನೀಯಗಳ ಪುಸ್ತಕದಲ್ಲಿ ಆಯಾ ಋತುವಿನ ಹಣ್ಣಿನಿಂದ ಅಲಂಕರಿಸಿ ಎಂಬ ಸೂಚನೆ ಮತ್ತೆ ಮತ್ತೆ ಬರುತ್ತದೆ. ಗಡ್ಡೆ ಹಲ್ಲಿಗೆ ತಾಗದಂತೆ ಕುಡಿಯಲು ಹುಲ್ಲಿನ ಕೊಳವೆ ಬಂತು. ಹುಲ್ಲಿನ ವಾಸನೆ ಸೇರದ ಮಾರ್ವಿನ್ ಸ್ಟೋನ್ 1888ರಲ್ಲಿ ಕಾಗದದ ಕೊಳವೆಗೆ ಪೇಟೆಂಟ್ ಪಡೆದ. ನಾವು ಸ್ಟ್ರಾ ಎನ್ನುವುದು ಅದನ್ನೇ.

ಛತ್ರಿ ಬಂದದ್ದು ತೀರಾ ಈಚೆಗೆ. ಅದನ್ನು ಮೊದಲು ಇಟ್ಟವರು ಯಾರು ಎಂಬುದಕ್ಕೆ ಎರಡು ಮೂರು ಹೆಸರುಗಳಿವೆ. ಹವಾಯಿಯ ಹೋಟೆಲೊಂದರ ಬಾರ್‌ನಲ್ಲಿದ್ದ ಹ್ಯಾರಿ ಯೀ 1950ರ ದಶಕದ ಕೊನೆಗೆ ಅದನ್ನು ಜನಪ್ರಿಯಗೊಳಿಸಿದರು. ಅದಕ್ಕೂ ಮುಂಚೆ ಅವರು ಲೋಟದಲ್ಲಿ ಕಬ್ಬಿನ ಸಿಗುಳು ಇಡುತ್ತಿದ್ದರಂತೆ. ಪ್ರವಾಸಿಗರು ಅಗಿದು ಆಶ್‌ಟ್ರೇಯಲ್ಲಿ ಹಾಕಿ, ಬೂದಿ ಸಿಹಿಗೆ ಅಂಟಿ, ತೊಳೆಯುವವರಿಗೆ ಸಾಕಾಗಿಹೋಗುತ್ತಿತ್ತು. ಅದಕ್ಕೇ ಆರ್ಕಿಡ್ ಹೂವಿಗೆ ಬದಲಾಯಿಸಿದೆ ಎಂದು ಅವರೇ ಹೇಳಿಕೊಂಡಿದ್ದರು. ನೀಲಿ ಬಣ್ಣದ ಪಾನೀಯಕ್ಕೆ ಹೆಸರು ತಂದವರಲ್ಲೂ ಅವರು ಒಬ್ಬರು. ಡಚ್ ಮದ್ಯ ಕಂಪನಿಯೊಂದು ತನ್ನ ನೀಲಿ ಕ್ಯುರಸಾವೊ ಮಾರಾಟವಾಗುವಂತೆ ಏನಾದರೂ ಮಾಡಿಕೊಡಿ ಎಂದಾಗ 1957ರಲ್ಲಿ ‘ಬ್ಲೂ ಹವಾಯಿ’ ಮಾಡಿಕೊಟ್ಟರು. ಕ್ಯುರಸಾವೊ ಎಂಬುದು ಡಚ್ಚರು 1634ರಲ್ಲಿ ಹಿಡಿದ ಕೆರಿಬಿಯನ್ ದ್ವೀಪ. ಅಲ್ಲಿನ ಕಹಿ ಕಿತ್ತಳೆಯ ಸಿಪ್ಪೆಯಿಂದ ಆ ಪರಿಮಳ. ನೀಲಿ ಮಾತ್ರ ಸುಮ್ಮನೆ ಬೆರೆಸಿದ ಬಣ್ಣ. ಅಜ್ಜಿಯ ಅನುಮಾನ ಪೂರ್ತಿ ತಪ್ಪೇನಲ್ಲ.

ಇನ್ನು ಚೆರಿ. ನಮ್ಮ ಬೇಕರಿ, ಬೀಡಾ ಅಂಗಡಿಗಳಲ್ಲಿ ಚೆರಿ ಎಂದು ಸಿಗುವ ಕೆಂಪು ಉಂಡೆಗಳಲ್ಲಿ ಬಹಳಷ್ಟು ಕರಂಡೆ ಕಾಯಿ. ಬೀಜ ತೆಗೆದು, ಸಕ್ಕರೆ ಪಾಕದಲ್ಲಿ ನೆನೆಸಿ, ಕೆಂಪು ಬಣ್ಣ ಹಾಕುತ್ತಾರೆ. ಮಲೆನಾಡಿನಲ್ಲಿ ಇದಕ್ಕೆ ಕವಳಿ ಎನ್ನುತ್ತಾರೆ. ಗುಡ್ಡದಲ್ಲಿ ಮುಳ್ಳು ಗೀರಿಸಿಕೊಂಡು ಕಿತ್ತು, ಉಪ್ಪಿನಕಾಯಿ ಹಾಕುವ ಅದೇ ಕಾಯಿ ಚೆರಿಯ ವೇಷ ಹಾಕಿ ಮದುವೆ ಮನೆಗೆ ಬಂದಿರಲಿಕ್ಕೂ ಸಾಕು.

ಹೆಕ್ಕುವವರು

ಜಾಯಿಕಾಯಿ ಹೊರಗಿನದು, ನಿಜ. ಆದರೆ ಅದರ ದಾಯಾದಿ ನಮ್ಮಲ್ಲೇ ಇದ್ದಾನೆ. ಪಶ್ಚಿಮಘಟ್ಟದ ರಾಮಪತ್ರೆ ಅದೇ ಕುಲದ ಮರ. ಅದರ ಪತ್ರೆ ‘ಬಾಂಬೆ ಮೇಸ್’ ಎಂಬ ಹೆಸರಲ್ಲಿ, ಎಷ್ಟೋ ಸಲ ಅಸಲಿ ಜಾಪತ್ರೆಗೆ ಕಲಬೆರಕೆಯಾಗಿ ಪೇಟೆಗೆ ಹೋಗಿದೆ. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಂಥ ಜಾಗಗಳಲ್ಲಿ ನೀರು ನಿಂತ ಕೆಸರಲ್ಲಿ ಬೇರು ಮೇಲೆತ್ತಿ ನಿಂತ ಇದೇ ಕುಟುಂಬದ ಮರಗಳ ಜೌಗು ಕಾಡುಗಳಿವೆ. ಕಾಡಿನ ಪತ್ರೆಗೆ ಬೆಲೆ ಬಂದಾಗ ಕಾಯಿ ಬಲಿಯುವ ಮೊದಲೇ ಕಿತ್ತುಬಿಟ್ಟರೆ ಮರಿಗಿಡ ಏಳುವುದಿಲ್ಲ.

ತೋಟದ ಜಾಯಿಕಾಯಿಯ ಕೆಲಸ ಹೇಗಿರುತ್ತದೆ ಎಂದು ಮದುವೆಯ ಮರುದಿನ ಅಜ್ಜಿಯನ್ನೇ ಕೇಳಿದೆವು. ಗಿಡದಲ್ಲಿ ಗಂಡು ಹೆಣ್ಣು ಬೇರೆ ಬೇರೆ. ಹೂ ಬಿಡುವವರೆಗೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ಅದಕ್ಕೇ ಈಗ ಎಲ್ಲರೂ ಕಸಿ ಗಿಡ ನೆಡುತ್ತಾರೆ. ಕಾಯಿ ಹೆಚ್ಚು ಒಡೆಯುವುದು ಮಳೆಗಾಲದಲ್ಲೇ. ಬಿದ್ದದ್ದನ್ನು ಅಂದಂದೇ ಹೆಕ್ಕದಿದ್ದರೆ ಬೂಸ್ಟು ಹಿಡಿಯುತ್ತದೆ. ಪತ್ರೆಯನ್ನು ಹರಿಯದಂತೆ ಬಿಡಿಸಬೇಕು, ಬಿಸಿಲಿಲ್ಲದ ದಿನ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಬೇಕು. ಬೀಜಕ್ಕಿಂತ ಪತ್ರೆಗೆ ಹಲವು ಪಟ್ಟು ಬೆಲೆ, ತೂಕ ಮಾತ್ರ ಹಕ್ಕಿಪುಕ್ಕದಷ್ಟು.

“ಹೆಕ್ಕುವುದು ನಾನು ಮತ್ತು ಕೆಲಸಕ್ಕೆ ಬರುವ ಹೆಂಗಸರು. ಪೇಟೆಗೆ ಕೊಂಡು ಹೋಗುವುದು ಗಂಡಸರು” ಎಂದರು ಅಜ್ಜಿ. ದೂರುವ ದನಿಯಲ್ಲೇನೂ ಹೇಳಲಿಲ್ಲ. ಪೇಟೆಯಲ್ಲಿ ಎಷ್ಟು ರೇಟು ಸಿಕ್ಕಿತು ಎಂದು ಕೇಳಿದರೆ ಅವರಿಗೆ ಗೊತ್ತಿರಲಿಲ್ಲ.

ಬಾಂದಾದಿಂದ ಇಲ್ಲಿಯವರೆಗೆ ಓದಿದ್ದರಲ್ಲೆಲ್ಲ ನಮಗೆ ಅಡ್ಮಿರಲ್‌ಗಳ, ಗವರ್ನರ್‌ಗಳ, ಬಾರ್ ನಡೆಸಿದವರ ಹೆಸರುಗಳು ಸಿಕ್ಕವು. ಹೆಕ್ಕಿದ, ಬಿಡಿಸಿದ, ಒಣಗಿಸಿದ ಒಬ್ಬರ ಹೆಸರೂ ಸಿಗಲಿಲ್ಲ. ಹಳ್ಳಿಗಳ ಬಗ್ಗೆ ಬರೆಯಲೆಂದೇ ಓದಿ ಬಂದ ನಾವು ಅಂದು ಮದುವೆ ಮನೆಯಲ್ಲಿ ಮೊದಲು ಫೋಟೋ ತೆಗೆದದ್ದೂ ಛತ್ರಿ ಇಟ್ಟ ನೀಲಿ ಲೋಟದ್ದೇ.

ಮನೆಯಲ್ಲಿ ಮಾಡಿ ನೋಡಿದ್ದು

ಆ ಸಂಜೆ ಅಜ್ಜಿಯ ಅಡುಗೆಮನೆಯಲ್ಲಿ ನಾವೇ ಲೋಟ ಅಲಂಕರಿಸಲು ಹೊರಟೆವು. ಪುನರ್ಪುಳಿ ಶರಬತ್ತಿನ ಮೇಲೆ ಜಾಯಿಕಾಯಿ ತುರಿದೆವು, ಕೆಂಪಿನ ಮೇಲೆ ಕಂದು ಪುಡಿ ಚೆನ್ನಾಗಿ ಕಂಡಿತು. ಮಜ್ಜಿಗೆಗೆ ನಿಂಬೆ ಎಲೆಯ ಅಂಚು ಸೀಳಿ ಲೋಟಕ್ಕೆ ಸಿಕ್ಕಿಸಿದೆವು. ಮಾವಿನಕಾಯಿ ಪಾನಕಕ್ಕೆ ಲೋಟದ ಬಾಯಿಗೆ ನಿಂಬೆ ಸವರಿ ಉಪ್ಪು, ಮೆಣಸಿನ ಪುಡಿಯಲ್ಲಿ ಅದ್ದಿದೆವು. ಬೆಲ್ಲದ ಪಾನಕಕ್ಕೆ ತುಳಸಿಯ ತೆನೆ ಇಟ್ಟೆವು. ಜಾಯಿಕಾಯಿಯ ಹೊರಗಿನ ದಪ್ಪ ಸಿಪ್ಪೆಯನ್ನು ಅಜ್ಜಿ ಉಪ್ಪಿನಕಾಯಿ ಹಾಕುತ್ತಾರೆ. ಅದನ್ನೇ ತೆಳ್ಳಗೆ ಹೆಚ್ಚಿ ಸಕ್ಕರೆ ಪಾಕದಲ್ಲಿ ಕುದಿಸಿ ಆರಿಸಿದರೆ ಚೆರಿಯ ಬದಲು ಕಡ್ಡಿಗೆ ಚುಚ್ಚಬಹುದು. ಬಾಂದಾದಲ್ಲೂ ಸಿಪ್ಪೆಯನ್ನು ಹೀಗೆ ಸಕ್ಕರೆಯಲ್ಲಿ ಹಾಕಿ ತಿನ್ನುತ್ತಾರೆ ಎಂದು ಓದಿದ್ದು ನೆನಪಾಯಿತು.

ತುರಿಯುವಾಗ ಕೈ ಹಿಡಿತದಲ್ಲಿರಲಿ. ಜಾಯಿಕಾಯಿ ಹೆಚ್ಚಾದರೆ ತಲೆ ಸುತ್ತುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಭ್ರಮೆಯೂ ಆಗಬಹುದು. ಒಂದು ಲೋಟಕ್ಕೆ ಒಂದು ಚಿಟಿಕೆ ಧಾರಾಳ. ಗಾಳಿಗೆ ಬಿಟ್ಟರೆ ಪರಿಮಳ ಹೋಗುವುದರಿಂದ ಪುಡಿ ಮಾಡಿ ಇಡುವ ಬದಲು ಬೇಕಾದಾಗಲೇ ತುರಿಯುವುದು ಒಳ್ಳೆಯದು.

ಅಜ್ಜಿ ಪುನರ್ಪುಳಿಯ ಲೋಟ ಎತ್ತಿ ಮೂಸಿ ನೋಡಿದರು. “ಜಾಯಿಕಾಯಿ ಹಾಕಿದ್ದೀರಾ? ಇದನ್ನು ನಾವು ಮಗುವಿಗೆ ತೇಯ್ದು ನೆಕ್ಕಿಸುತ್ತಿದ್ದದ್ದು, ನಿದ್ದೆ ಬರಲಿ ಅಂತ” ಎಂದು ನಕ್ಕು, ಈ ಸಲ ಲೋಟವನ್ನು ಪೂರ್ತಿ ಖಾಲಿ ಮಾಡಿದರು. ಹೊರಡುವಾಗ ಕಾಗದದಲ್ಲಿ ಒಂದು ಹಿಡಿ ಜಾಯಿಕಾಯಿ ಕಟ್ಟಿಕೊಟ್ಟರು. ಅದರಲ್ಲಿ ಒಂದನ್ನು ಇನ್ನೂ ತುರಿಯದೆ ನಮ್ಮ ಬಾಡಿಗೆ ಕೋಣೆಯ ಮೇಜಿನ ಮೇಲೆ ಇಟ್ಟುಕೊಂಡಿದ್ದೇವೆ.